ಕೋಟಿನೊಳಗಿನ ಎಂಟು ತೋಳು

ಅಡಗುವ ಆಟವೆಂದರೆ ನಮ್ಮ ಮಕ್ಕಳಿಗೆ ಕಣ್ಣಾಮುಚ್ಚಾಲೆ. ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುವ ಆ ಸೊಗಸನ್ನು ಈಗಿನ ತರುಣರು ವೀಡಿಯೋ ಆಟಗಳಲ್ಲಿಯೂ ತಂದಿರುವರು. ಅಂತಹುದೊಂದು, ಅಮೆರಿಕದ ಷಿಕಾಗೋ ನಗರದ ಡಿಪಾಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು 2010ರಲ್ಲಿ ರಚಿಸಿ, ಬೆಲೆಯಿಲ್ಲದೆ ಹಂಚಿದ 'ಆಕ್ಟೋಡ್ಯಾಡ್'.

ಇದರ ನಾಯಕನು ಆಕ್ಟೋಪಸ್. ಎಂದರೆ ಎಂಟು ತೋಳಿನ, ಎಲುಬಿಲ್ಲದ ಕಡಲಜೀವಿ. ಕೋಟು ತೊಟ್ಟು, ಮನುಷ್ಯನೆಂದು ನಂಬಿಸಿ, ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿರುವನು. ಗುಟ್ಟು ಬಲ್ಲ ಬಾಣಸಿಗನೊಬ್ಬನು ಬೆನ್ನುಹತ್ತಿರುವನು. ಸಿಕ್ಕರೆ ಬಾಣಲೆಯೇ ಗತಿ! ಆಡುವವರು ಆ ಜಾರುವ ಕಾಲುಗಳನ್ನೂ ತೋಳನ್ನೂ ಬೇರೆಬೇರೆಯಾಗಿ ನಡೆಯಿಸಿ ಮನೆಗೆಲಸ ತೀರಿಸಬೇಕು. ಮನೆಯವರ ಕಣ್ಣೆದುರು ಎಡವಿದಂತೆಲ್ಲ ಸಂಶಯವೇರುವುದು. ಅದು ತುಂಬಿದರೆ ಆಟ ಮುಗಿಯಿತು. ಆ ವಿದ್ಯಾರ್ಥಿಗಳಲ್ಲಿ ಕೆಲವರು 'ಯಂಗ್ ಹಾರ್ಸಸ್' ಎಂಬ ಸಂಸ್ಥೆ ಕಟ್ಟಿ, 2014ರಲ್ಲಿ ಇದರ ಮುಂದಿನ ಆಟವನ್ನೂ ಹೊರತಂದರು.

ಈ ನಗೆಯೊಳಗೊಂದು ಮುಳ್ಳುಂಟು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಸಾಲದ ಚಿಂತೆಯನ್ನು ಬಚ್ಚಿಟ್ಟು ಮಕ್ಕಳೆದುರು ನಗುವ ತಂದೆಯೂ ಆಡುವುದು ಇದೇ ಆಟವನ್ನಲ್ಲವೆ? ಮಕ್ಕಳು ಇದನ್ನಾಡುವಾಗ ಹಿರಿಯರೂ ಪಕ್ಕದಲ್ಲಿ ಕುಳಿತು ನೋಡಲಿ. ಆಟದಲ್ಲಿ ಗುಟ್ಟು ರಟ್ಟಾದರೆ ಸೋಲು. ಸಂಸಾರದಲ್ಲಾದರೋ ಹೇಳಿಕೊಂಡಷ್ಟೂ ಹೊರೆ ಇಳಿಯುವುದು.