ಗಡಿಯಾರವೂ ಆಡಿದ ಚದುರಂಗ

2025ರ ಜುಲೈ 28. ಕಪ್ಪು ಸಮುದ್ರದ ದಡದಲ್ಲಿರುವ ಬಟುಮಿ ನಗರದಲ್ಲಿ ಇಬ್ಬರು ಭಾರತೀಯ ಮಹಿಳೆಯರು ಚದುರಂಗದ ಹಲಗೆಯ ಎರಡು ಬದಿಗಳಲ್ಲಿ ಕುಳಿತಿದ್ದರು. ಅದು ಮಹಿಳಾ ವಿಶ್ವಕಪ್ ಸ್ಪರ್ಧೆಯ ಅಂತಿಮ ಸುತ್ತು. 107 ಮಂದಿಯಿಂದ ಮೊದಲಾದ ಸ್ಪರ್ಧೆಯಲ್ಲಿ ಪ್ರಶಸ್ತಿಗಾಗಿ ಉಳಿದವರು ಇವರಿಬ್ಬರೇ. ಒಬ್ಬರು ಆಂಧ್ರಪ್ರದೇಶದ ಶ್ರೀಮತಿ ಕೊನೇರು ಹಂಪಿ, ವಯಸ್ಸು 38. ಮತ್ತೊಬ್ಬರು ನಾಗಪುರದ ಕುಮಾರಿ ದಿವ್ಯಾ ದೇಶಮುಖ್, ವಯಸ್ಸು 19. ಹಂಪಿಯವರು 2002ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಗ್ರಾಂಡ್‌ಮಾಸ್ಟರ್ ಪದವಿಯನ್ನು ಪಡೆದಾಗ ದಿವ್ಯಾ ಇನ್ನೂ ಹುಟ್ಟಿಯೇ ಇರಲಿಲ್ಲ!

ಆಟ ನಡೆದ ನಾಡೂ ಅದಕ್ಕೆ ತಕ್ಕುದೇ. ಬಟುಮಿ ಇರುವ ಜಾರ್ಜಿಯ ಚಿಕ್ಕ ದೇಶ. ಆದರೂ 1962ರಿಂದ 1991ರವರೆಗೆ ಮಹಿಳೆಯರ ವಿಶ್ವ ಚಾಂಪಿಯನ್ ಪಟ್ಟವು ಅಲ್ಲಿಯವರಾದ ನೋನಾ ಗಪ್ರಿಂದಾಶ್ವಿಲಿ ಮತ್ತು ಮಾಯಾ ಚಿಬುರ್ದಾನಿಜೆ ಎಂಬಿಬ್ಬರ ಕೈಬಿಟ್ಟು ಹೋಗಲಿಲ್ಲ.

ಗಣಿತದ ಊಹೆ

ಗೆಲುವು ಯಾರದಾದೀತು? ಇದನ್ನು ಊಹಿಸುವುದಕ್ಕೂ ಒಂದು ಗಣಿತವುಂಟು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತವಿಜ್ಞಾನದ ಪ್ರಾಧ್ಯಾಪಕ ಅರ್ಪಾಡ್ ಈಲೋ ಅವರು ಆಟಗಾರರ ಬಲವನ್ನು ಅಳೆಯಲು ರೇಟಿಂಗ್ ಪದ್ಧತಿಯೊಂದನ್ನು ರೂಪಿಸಿದರು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು 1970ರಲ್ಲಿ ಅದನ್ನು ಅಂಗೀಕರಿಸಿತು. ಇಬ್ಬರ ರೇಟಿಂಗ್‌ಗಳ ನಡುವಣ ವ್ಯತ್ಯಾಸ ತಿಳಿದರೆ, ಅವರು ಹಲವು ಆಟಗಳನ್ನಾಡಿದಾಗ ಯಾರಿಗೆ ಎಷ್ಟು ಅಂಕ ದೊರೆಯಬಹುದೆಂದು ಈ ಪದ್ಧತಿ ಹೇಳುತ್ತದೆ. ಗೆದ್ದವರಿಗೆ ಒಂದು ಅಂಕ. ಆಟ ಡ್ರಾ ಆದರೆ ತಲಾ ಅರ್ಧ.

ಹಂಪಿಯವರ ರೇಟಿಂಗ್ ದಿವ್ಯಾ ಅವರದಕ್ಕಿಂತ ಸುಮಾರು 80ರಷ್ಟು ಹೆಚ್ಚಾಗಿತ್ತು. ಈಲೋ ಸೂತ್ರದಂತೆ, ಇಬ್ಬರೂ ನೂರು ಆಟಗಳನ್ನಾಡಿದರೆ ಹಂಪಿಯವರಿಗೆ ಸುಮಾರು 61, ದಿವ್ಯಾ ಅವರಿಗೆ 39 ಅಂಕ ಬರಬೇಕು. ಆದರೆ ಅಂತಿಮ ಸುತ್ತಿನಲ್ಲಿ ನೂರು ಆಟಗಳೆಲ್ಲಿ? ನಿಯಮದಂತೆ ಇದ್ದವು ಎರಡೇ. ಜುಲೈ 26 ಮತ್ತು 27ರಂದು ನಡೆದ ಆ ಎರಡೂ ಆಟಗಳು ಡ್ರಾ ಆದವು. ಇನ್ನು ನಿರ್ಣಯಕ್ಕೆ ಉಳಿದದ್ದು ಕ್ಷಿಪ್ರ ಆಟ.

ಕಾಲದ ಕೊರತೆ

ಪರೀಕ್ಷೆಯ ಕೊನೆಯ ಹತ್ತು ನಿಮಿಷಗಳ ತವಕವನ್ನು ವಿದ್ಯಾರ್ಥಿಗಳಿಗೆ ನಾವು ವಿವರಿಸಬೇಕಾಗಿಲ್ಲ. ಕ್ಷಿಪ್ರ ಆಟವೆಲ್ಲವೂ ಅಂಥ ಹತ್ತು ನಿಮಿಷವೇ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ದೀರ್ಘ ಆಟದಲ್ಲಿ ಮೊದಲ 40 ನಡೆಗಳಿಗೆ ಒಬ್ಬೊಬ್ಬರಿಗೂ 90 ನಿಮಿಷ. ಅದರ ಮೇಲೆ ಪ್ರತಿ ನಡೆಗೂ 30 ಸೆಕೆಂಡು ಕೂಡುತ್ತದೆ. ಒಟ್ಟು 110 ನಿಮಿಷ. ಎಂದರೆ ಒಂದು ನಡೆಗೆ ಸರಾಸರಿ 2 ನಿಮಿಷ 45 ಸೆಕೆಂಡು. ಕ್ಷಿಪ್ರ ಆಟದಲ್ಲಾದರೋ ಇಡೀ ಆಟಕ್ಕೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡು ಹೆಚ್ಚುವರಿ. ಇಲ್ಲಿಯೂ 40 ನಡೆಗಳೆಂದಿಟ್ಟುಕೊಂಡರೆ, ಒಂದು ನಡೆಗೆ ದೊರೆಯುವುದು ಸುಮಾರು 32 ಸೆಕೆಂಡು ಮಾತ್ರ. ಕಾಲವು ಐದನೆಯ ಒಂದು ಭಾಗಕ್ಕೆ ಇಳಿಯಿತು!

ಅಷ್ಟರಲ್ಲಿ ಆಡುವುದಾದರೂ ಹೇಗೆ? ಡಚ್ ಮನಶ್ಶಾಸ್ತ್ರಜ್ಞ ಅಡ್ರಿಯಾನ್ ಡಿ ಗ್ರೂಟ್ ಅವರೂ, 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅವರೂ ಇದಕ್ಕೆ ಉತ್ತರವಾಗಬಲ್ಲ ಪ್ರಯೋಗಗಳನ್ನು ನಡೆಸಿದರು. ನಿಜವಾದ ಆಟವೊಂದರಿಂದ ತೆಗೆದ ಸನ್ನಿವೇಶವನ್ನು ಕೆಲವೇ ಸೆಕೆಂಡುಗಳ ಕಾಲ ತೋರಿಸಿ ಮರೆಮಾಡಿದರೆ, ನುರಿತ ಆಟಗಾರನು ಕಾಯಿಗಳ ಸ್ಥಾನಗಳನ್ನು ಹೊಸಬನಿಗಿಂತ ಎಷ್ಟೋ ಚೆನ್ನಾಗಿ ಹೇಳಬಲ್ಲ. ಆದರೆ ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟರೆ, ಅವನ ಮೇಲುಗೈ ಬಹುಮಟ್ಟಿಗೆ ಮಾಯವಾಗುತ್ತದೆ. ನುರಿತವನದು ಹೆಚ್ಚಿನ ನೆನಪಿನ ಶಕ್ತಿಯಲ್ಲ; ವರ್ಷಗಳ ಅಭ್ಯಾಸದಿಂದ ಮನಸ್ಸಿನಲ್ಲಿ ಕೂಡಿಟ್ಟ ವಿನ್ಯಾಸಗಳನ್ನು ಅವನು ನೋಡಿದೊಡನೆ ಗುರುತಿಸುತ್ತಾನೆ. ಗುರುತಿಸುವುದಕ್ಕೆ ಕ್ಷಣ ಸಾಕು. ಆದರೆ ಮುಂದಿನ ಐದಾರು ನಡೆಗಳನ್ನು ಎಣಿಸಿ ಪರೀಕ್ಷಿಸುವುದಕ್ಕೆ ಕಾಲ ಬೇಕು. ಗಡಿಯಾರವು ಕಸಿದುಕೊಳ್ಳುವುದು ಇದನ್ನೇ.

ಕೊನೆಯ ಆಟ

ಇಂಥ ಆಟದಲ್ಲಿ ಹಿರಿಯರ ಅನುಭವವೇ ಗೆಲ್ಲಬೇಕೆಂದು ಯಾರಿಗಾದರೂ ತೋರುವುದು ಸಹಜ. ಹಂಪಿಯವರು 2019ರಲ್ಲಿಯೂ 2024ರಲ್ಲಿಯೂ ಕ್ಷಿಪ್ರ ಚದುರಂಗದ ವಿಶ್ವ ಪ್ರಶಸ್ತಿಯನ್ನು ಗೆದ್ದವರು. ಮೊದಲನೆಯ ಕ್ಷಿಪ್ರ ಆಟ ಡ್ರಾ ಆಯಿತು. ಎರಡನೆಯದರಲ್ಲಿ ಬಿಳಿಯ ಕಾಯಿಗಳು ಹಂಪಿಯವರವು. ಆಟ ಬೆಳೆಯಿತು, ಹಲಗೆಯ ಮೇಲೆ ಕಾಯಿಗಳು ಕಡಿಮೆಯಾದವು, ಗಡಿಯಾರದಲ್ಲಿ ಕಾಲವೂ ಕಡಿಮೆಯಾಯಿತು. ಆ ಒತ್ತಡದಲ್ಲಿ ಹಂಪಿಯವರ ನಡೆ ತಪ್ಪಿತು. ದಿವ್ಯಾ ಅವರೂ ಗೆಲುವಿನ ದಾರಿಯನ್ನು ಒಮ್ಮೆ ಕೈಬಿಟ್ಟರು. ಹಂಪಿಯವರು ಮತ್ತೊಮ್ಮೆ ತಪ್ಪಿದಾಗ ಅದಕ್ಕೆ ಪರಿಹಾರ ಉಳಿದಿರಲಿಲ್ಲ. ಎರಡೂವರೆಗೆ ಒಂದೂವರೆ ಅಂಕಗಳಿಂದ ಪ್ರಶಸ್ತಿ ದಿವ್ಯಾ ಅವರದಾಯಿತು.

ಗ್ರಾಂಡ್‌ಮಾಸ್ಟರ್ ಪದವಿಗೆ ಸಾಮಾನ್ಯವಾಗಿ 2500ರ ರೇಟಿಂಗ್ ಬೇಕು. ಅದರೊಡನೆ, ನಿಗದಿಯಾದ ಮಟ್ಟವನ್ನು ಬೇರೆ ಬೇರೆ ಸ್ಪರ್ಧೆಗಳಲ್ಲಿ ಮುಟ್ಟಿ ತೋರಿಸಬೇಕು. ಆದರೆ ಮಹಿಳಾ ವಿಶ್ವಕಪ್ ಗೆದ್ದವರಿಗೆ ಆ ಪದವಿ ನೇರವಾಗಿ ಸಲ್ಲುತ್ತದೆ. ಹೀಗೆ ದಿವ್ಯಾ ಅವರು ಭಾರತದ 88ನೆಯ ಗ್ರಾಂಡ್‌ಮಾಸ್ಟರ್ ಆದರು, ಮಹಿಳೆಯರಲ್ಲಿ ನಾಲ್ಕನೆಯವರು. ಆ ಸಾಲಿನಲ್ಲಿ ಮೊದಲನೆಯವರು ಅವರೆದುರು ಕುಳಿತಿದ್ದ ಹಂಪಿಯವರೇ. ಆಟ ಮುಗಿದ ಮೇಲೆ ದಿವ್ಯಾ ತಾಯಿಯನ್ನು ತಬ್ಬಿಕೊಂಡು ಅತ್ತರು.

ಈಲೋ ಸೂತ್ರ ಸುಳ್ಳಾಯಿತೆ? ಇಲ್ಲ. ನೂರರಲ್ಲಿ 39 ಎಂಬುದು ಸಣ್ಣ ಪಾಲೇನೂ ಅಲ್ಲ. ಆಟಗಳು ನಾಲ್ಕೇ ಆದಾಗ ಅದು ಮೇಲೆ ಬರಲು ಒಂದು ತಪ್ಪು ನಡೆ ಸಾಕು. ಓದುಗರು ಇದನ್ನು ತಾವೇ ಪರೀಕ್ಷಿಸಬಹುದು. ಗೆಳೆಯನೊಬ್ಬನೊಡನೆ ನಡೆಗೆ ಮೂರು ನಿಮಿಷದಂತೆ ಒಂದು ಆಟ, ಅರ್ಧ ನಿಮಿಷದಂತೆ ಮತ್ತೊಂದು ಆಟ ಆಡಿರಿ. ನಡೆಗಳನ್ನೆಲ್ಲ ಬರೆದಿಟ್ಟು, ಎರಡರಲ್ಲಿಯೂ ಆದ ತಪ್ಪುಗಳನ್ನು ಮರುದಿನ ಎಣಿಸಿ ನೋಡಿರಿ.