ಮೊದಲ ಟೂಲ್ ಕಿಟ್: ನೂರು ಪೀಸ್ ಬೇಡ, ಹನ್ನೆರಡು ಸಾಕು

ಹಾಸ್ಟೆಲಿಗೆ ಬೈಕ್ ಬಂತು ಅಂದರೆ ಟೂಲ್ ಕಿಟ್ ತಗೊಳ್ಳುವ ಆಸೆಯೂ ಹಿಂದೆಯೇ ಬರುತ್ತದೆ. ಆನ್‌ಲೈನಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಅಗ್ಗದ ನೂರು ಪೀಸಿನ ಡಬ್ಬ. ಅದರಲ್ಲಿ ನಮ್ಮ ಕೆಲಸಕ್ಕೆ ಬರುವುದು ಹತ್ತೋ ಹನ್ನೆರಡೋ. ಅದೇ ದುಡ್ಡಿಗೆ ಉಡುಪಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ, ಒಳ್ಳೆಯದನ್ನೇ ಒಂದೊಂದಾಗಿ ತರಬಹುದು.

ಯಾವ ಸೈಜ್?

ಸ್ಪ್ಯಾನರಿನ ಮೇಲಿರುವ ನಂಬರ್ ಬೋಲ್ಟಿನ ದಪ್ಪ ಅಲ್ಲ, ಅದರ ತಲೆಯ ಅಗಲ. ಎಂ6 ಬೋಲ್ಟಿಗೆ 10ರ ಸ್ಪ್ಯಾನರ್. ಗೊಂದಲ ಇರುವುದು ಎಂ8ರಲ್ಲಿ: ಜಪಾನ್ ಮೂಲದ ಬೈಕುಗಳಲ್ಲಿ ಸಾಮಾನ್ಯವಾಗಿ 12, ಐಎಸ್‌ಒ ಅಳತೆಯ ಬೋಲ್ಟಿಗೆ 13. 12ರ ತಲೆಗೆ 13 ಹಾಕಿ ತಿರುಗಿಸಿದರೆ ಮೂಲೆ ಸವೆದು ಬೋಲ್ಟ್ ಉರುಟಾಗುತ್ತದೆ. ಆಮೇಲೆ ಗ್ಯಾರೇಜೇ ಗತಿ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಬೈಕಿನ ಬೋಲ್ಟುಗಳನ್ನು ಅಳೆದು ಬರೆದಿಟ್ಟುಕೊಳ್ಳಿ. ವರ್ನಿಯರ್ ಕಲಿತದ್ದು ಮತ್ತೆ ಯಾವಾಗ ಉಪಯೋಗಕ್ಕೆ ಬರುವುದು ಮಾರಾಯ್ರೆ!

ನಮ್ಮ ಪಟ್ಟಿ

• ಕಾಂಬಿನೇಶನ್ ಸ್ಪ್ಯಾನರ್: 8, 10, 12, 13, 14, 17. ಬಿಗಿ ಬಿಡಿಸಲು ರಿಂಗ್ ತುದಿ, ಸಡಿಲವಾದ ಮೇಲೆ ಓಪನ್ ತುದಿ.
• ಟಿ ಸ್ಪ್ಯಾನರ್: 10, 12.
• ಸ್ಕ್ರೂಡ್ರೈವರ್: 2ನೇ ನಂಬರಿನ ಸ್ಟಾರ್ ಒಂದು, ಫ್ಲಾಟ್ ಒಂದು.
• ಕಟಿಂಗ್ ಪ್ಲೈಯರ್.
• ಅಲೆನ್ ಕೀ ಸೆಟ್.

ದುಡ್ಡು ಕಡಿಮೆ ಇದ್ದರೆ 10, 12, 14 ಮಾತ್ರ ಒಳ್ಳೆಯ ಕಂಪನಿಯದ್ದು ತಗೊಳ್ಳಿ. ಹೆಚ್ಚು ಕೆಲಸ ಅವಕ್ಕೇ. 10ಕ್ಕೆ ಬಣ್ಣದ ಟೇಪ್ ಸುತ್ತಿಡಿ. ಹಾಸ್ಟೆಲಿನಲ್ಲಿ ಮೊದಲು ಕಾಣೆಯಾಗುವುದು ಅದೇ.

ಪೈಪ್ ಹಾಕಬೇಡಿ

15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 100 ನ್ಯೂಟನ್ ಬಲ ಹಾಕಿದರೆ ಟಾರ್ಕ್ 15 ನ್ಯೂಟನ್ ಮೀಟರ್. ಸಾಧಾರಣ ಎಂ6 ಬೋಲ್ಟಿಗೆ ಸುಮಾರು 10 ಸಾಕು. ಅಂದರೆ ಕೈಬಲವೇ ಜಾಸ್ತಿ. ಪೈಪ್ ತೂರಿಸಿ 45 ಸೆಂ.ಮೀ. ಮಾಡಿದರೆ ಟಾರ್ಕ್ ಮೂರು ಪಟ್ಟು, ಬೋಲ್ಟ್ ತುಂಡು. ಬ್ರೇಕ್ ಮತ್ತು ಚಕ್ರದ ಆಕ್ಸಲ್ ನಟ್ ಮಾತ್ರ ಟಾರ್ಕ್ ವ್ರೆಂಚ್ ಇರುವ ಮೆಕ್ಯಾನಿಕ್ ಕೈಯಲ್ಲೇ ಬಿಗಿಯಾಗಲಿ. ಅಲ್ಲಿ ತಪ್ಪಿದರೆ ಹೋಗುವುದು ಬೋಲ್ಟ್ ಅಲ್ಲ, ಜೀವ.

ತುಕ್ಕು

ಸ್ಪ್ಯಾನರಿನ ಮೇಲೆ ಕ್ರೋಮ್ ವೆನೇಡಿಯಂ ಅಂತ ಇದ್ದರೆ ತುಕ್ಕು ಹಿಡಿಯುವುದಿಲ್ಲ ಅಂತಲ್ಲ. ಆ ಉಕ್ಕಿನಲ್ಲಿ ಕ್ರೋಮಿಯಂ ಇರುವುದು ಶೇ. 1ರ ಆಸುಪಾಸು, ಸ್ಟೇನ್‌ಲೆಸ್ ಆಗಲು ಕನಿಷ್ಠ ಶೇ. 10.5 ಬೇಕು. ಕಾಯುವುದು ಮೇಲಿನ ಲೇಪನ ಮಾತ್ರ. ಕಾಪುವಿನಂಥ ಕಡಲ ಬದಿಯಲ್ಲಿ ಗಾಳಿಯ ಉಪ್ಪು ಲೋಹದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ಕಾರ್ಕಳದ ಕಡೆ ಕಡಲು ದೂರ, ಆದರೆ ಮಳೆಗಾಲದ ತೇವ ಬಿಡುವುದಿಲ್ಲ. ಮಣಿಪಾಲದ ಗುಡ್ಡದ ಮೇಲಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಕಥೆ. ಕೆಲಸ ಮುಗಿದ ಮೇಲೆ ಒರೆಸಿ, ಎಂಜಿನ್ ಆಯಿಲ್ ಸವರಿದ ಬಟ್ಟೆಯಲ್ಲಿ ಸುತ್ತಿಡಿ. ರಟ್ಟಿನ ಡಬ್ಬ ತೇವ ಹೀರುತ್ತದೆ, ಅದರಲ್ಲಿ ಇಡಬೇಡಿ.

ಇಷ್ಟಿದ್ದರೆ ಶುರು ಮಾಡಬಹುದು. ಹದಿಮೂರನೆಯದು ಯಾವುದು ಅಂತ ಮುಂದೆ ಕೆಲಸವೇ ಹೇಳುತ್ತದೆ, ಆಗ ತಗೊಂಡರಾಯಿತು.