ಲಿವರ್ ಕ್ಯಾನ್ಸರಿಗೆ ರಕ್ತಕಣಗಳ ಚಿಕಿತ್ಸೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಕೊಳೆರೋಗ, ಬೇರುಹುಳು, ಕಾಂಡಕೊರಕಗಳ ವಿಚಾರವನ್ನು ನಾವು ಈ ಪತ್ರಿಕೆಯಲ್ಲಿ ಆಗಾಗ ಬರೆಯುತ್ತ ಬಂದಿದ್ದೇವೆ. ತೋಟ ಉಳಿದು ತೋಟಗಾರನೇ ಉಳಿಯದಿದ್ದರೆ ಫಲವೇನು? ಆದ್ದರಿಂದ ಈ ಸಲ ಆರೋಗ್ಯದ ವಿಷಯವೊಂದನ್ನು ತೊಗರ್ಸಿ, ಶಿಕಾರಿಪುರ, ಸೊರಬದ ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ. ಸ್ವಂತ ರಕ್ತಕಣಗಳಿಂದಲೇ ಲಿವರ್ ಅಂದರೆ ಪಿತ್ತಜನಕಾಂಗದ ಕ್ಯಾನ್ಸರನ್ನು ಗುಣಪಡಿಸಬಹುದೆ?

ಶರೀರದ ಕಾವಲುಗಾರರು

ರಕ್ತದ ಬಿಳಿಕಣಗಳಲ್ಲಿ 'ಟಿ' ಕಣಗಳೆಂಬ ಬಗೆಯೊಂದುಂಟು. ರೋಗ ಹತ್ತಿದ ಜೀವಕೋಶವನ್ನು ಗುರುತಿಸಿ ಕೊಲ್ಲುವುದು ಇವುಗಳ ಕೆಲಸ. ಕ್ಯಾನ್ಸರ್ ಕೋಶ ನಮ್ಮದೇ ಕೋಶದಂತೆ ಕಾಣುವುದರಿಂದ ಇವುಗಳ ಕಣ್ಣು ತಪ್ಪಿಸುತ್ತದೆ. ಅದಕ್ಕಾಗಿ ರೋಗಿಯ ಟಿ ಕಣಗಳನ್ನು ಹೊರತೆಗೆದು, ಶತ್ರುವಿನ ಗುರುತು ಹಿಡಿಯುವ ವಂಶವಾಹಿಯನ್ನು ಸೇರಿಸಿ, ಸಂಖ್ಯೆ ಹೆಚ್ಚಿಸಿ, ಮರಳಿ ರಕ್ತಕ್ಕೆ ಬಿಡುತ್ತಾರೆ. ಇದೇ 'ಕಾರ್-ಟಿ' ಚಿಕಿತ್ಸೆ.

ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಕೂಡಿ ರೂಪಿಸಿದ ಇಂಥ ಮದ್ದಿಗೆ ೨೦೨೩ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ೨೦೨೫ರ ಜನವರಿಯಲ್ಲಿ ಇನ್ನೊಂದನ್ನು ಹೊರತಂದಿತು. ಆದರೆ ಅನುಮತಿ ದೊರೆತಿರುವುದು ರಕ್ತಕ್ಕೆ ಸಂಬಂಧಿಸಿದ ಕೆಲವು ಕ್ಯಾನ್ಸರುಗಳಿಗೆ, ಲಿವರಿನದಕ್ಕಲ್ಲ. ಲಿವರಿನ ಗಡ್ಡೆಯೊಳಕ್ಕೆ ಕಣಗಳು ಹೊಗುವುದೇ ಕಷ್ಟ. ಹೊಕ್ಕರೂ ಅಲ್ಲಿ ಸೊರಗುತ್ತವೆ. 'ಗ್ಲಿಪಿಕಾನ್-೩' ಎಂಬ ಪ್ರೋಟೀನು ಅನೇಕ ಲಿವರ್ ಕ್ಯಾನ್ಸರುಗಳಲ್ಲಿದ್ದು, ಆರೋಗ್ಯವಂತರ ಲಿವರಿನಲ್ಲಿ ಬಹುತೇಕ ಇರುವುದಿಲ್ಲ. ಅದನ್ನೇ ಗುರಿಯಾಗಿಟ್ಟು ಪ್ರಯೋಗಗಳು ನಡೆದಿವೆ.

ಈಗಲೇ ಬಳಕೆಯಲ್ಲಿರುವುದು

ಟಿ ಕಣಗಳಿಗೆ ಕ್ಯಾನ್ಸರ್ ಹಾಕಿದ ತಡೆಯನ್ನು ತೆಗೆಯುವ ಚುಚ್ಚುಮದ್ದುಗಳು ಬೇರೆ ಇವೆ. ಶಸ್ತ್ರಚಿಕಿತ್ಸೆಗೆ ನಿಲುಕದ ಲಿವರ್ ಕ್ಯಾನ್ಸರಿನ ೫೦೧ ರೋಗಿಗಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಒಟ್ಟಿಗೆ ಪಡೆದವರಲ್ಲಿ ಶೇ. ೬೭ ಮಂದಿ ಒಂದು ವರ್ಷ ಬದುಕಿದ್ದರು. ಹಳೆಯ ಮಾತ್ರೆ ಪಡೆದವರಲ್ಲಿ ಶೇ. ೫೫. ಲಾಭ ನಿಜ, ಪವಾಡವಲ್ಲ.

ಆದ್ದರಿಂದ ಲಿವರಿಗೆ 'ಕಣ ಚಿಕಿತ್ಸೆ' ಖಚಿತವೆಂದು ಲಕ್ಷಗಟ್ಟಲೆ ಕೇಳುವವರನ್ನು ನಂಬಿ ತೋಟ ಅಡವಿಡಬೇಡಿ. ಪ್ರಯೋಗದ ಹಂತದ ಮದ್ದಿಗೇ ಹಣ ಕೇಳಿದರೆ ಸಂಶಯಪಡಿ. ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಯಲ್ಲಿ ಇನ್ನೊಮ್ಮೆ ತೋರಿಸಿ ನಿರ್ಧರಿಸಿ.

ಮಳೆಗೆ ಮುಂಚಿನ ಔಷಧಿ

ಕಾಯಿ ಉದುರತೊಡಗಿದ ಮೇಲೆ ಬೋರ್ಡೋ ಹೊಡೆದವನ ಪಾಡು ನಮಗೆಲ್ಲ ಗೊತ್ತು. ಇಲ್ಲಿಯೂ ಹಾಗೆಯೇ.

ಲಿವರ್ ಕ್ಯಾನ್ಸರಿನ ಮುಖ್ಯ ಕಾರಣಗಳಲ್ಲಿ ಹೆಪಟೈಟಿಸ್ 'ಬಿ' ಮತ್ತು 'ಸಿ' ಸೋಂಕು, ಮದ್ಯ, ಲಿವರಿನ ಕೊಬ್ಬು ಸೇರಿವೆ. ಹುಟ್ಟಿದ ೨೪ ಗಂಟೆಯೊಳಗೆ ಮಗುವಿಗೆ 'ಬಿ' ಲಸಿಕೆ ಹಾಕಿಸಿ. ದೊಡ್ಡವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ೨೦೧೮ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಉಚಿತ. 'ಸಿ' ಸೋಂಕು ಮಾತ್ರೆಯಿಂದ ಬಹುತೇಕ ಗುಣವಾಗುತ್ತದೆ. ಲಿವರ್ ಗಟ್ಟಿಯಾಗಿದೆಯೆಂದು ವೈದ್ಯರು ಹೇಳಿದ್ದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬೇಡಿ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಅಫ್ಲಟಾಕ್ಸಿನ್ ವಿಷವಿರಬಹುದು, ತಿನ್ನಬೇಡಿ.

ನಮ್ಮ ಬೆಳೆಗಳ ಮಾತನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ೨೦೧೬ರಲ್ಲಿ, ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆಯೆಂದು ಗಮನಿಸಿತು. ಅದೇ ವಿಭಾಗದ ೨೦೦೪ರ ವರದಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಸಿಹಿಯನ್ನು ಹೇಳಿ ಕಹಿಯನ್ನು ಮುಚ್ಚಿಡುವುದು ಸದಸ್ಯರಿಗೆ ನಾವು ಮಾಡುವ ಉಪಕಾರವಾಗಲಾರದು.